ಹುಟ್ಟದ ಕಸಕ್ಕೊಂದು ಪದಕ

ನಮ್ಮ ಪ್ರಯೋಗಾಲಯದಲ್ಲಿ ಕಸವೇ ಹುಟ್ಟುವುದಿಲ್ಲವಂತೆ. ಅದಕ್ಕಾಗಿ ಪ್ರೊಫೆಸರಿಗೆ ಚಿನ್ನದ ಪದಕವಂತೆ. ಆ ಹುಟ್ಟದ ಕಸವನ್ನು ಹನ್ನೊಂದು ವರ್ಷ ಮೂರನೇ ಮಹಡಿಯ ಲ್ಯಾಬ್ ಮುನ್ನೂರ ಏಳರಿಂದ ನೆಲಕ್ಕೆ ಹೊತ್ತವಳು ನಾನು.

ಇಪ್ಪತ್ತು ಲೀಟರಿನ ಬಿಳಿ ಪ್ಲಾಸ್ಟಿಕ್ ಕ್ಯಾನು. ಒಳಗೆ ಗಾಜಿನ ಪಾತ್ರೆ ತೊಳೆದ ಅಸಿಟೋನು, ಬಳಸಿ ಬಿಟ್ಟ ದ್ರಾವಕ, ಇಂಥದೇ ಬಣ್ಣ ಎಂದು ಹೇಳಲಾಗದ ರಾಡಿ. ದಿನಕ್ಕೊಂದು ತುಂಬುತ್ತದೆ. ಲಿಫ್ಟಿನಲ್ಲಿ ಒಯ್ಯುವಂತಿಲ್ಲ, ವಾಸನೆ ಬರುತ್ತದೆ ಎಂದು ಬೋರ್ಡು ಹಾಕಿದ್ದಾರೆ. ಹೊಸ ಬಾಟಲಿಗಳು ಲಿಫ್ಟಿನಲ್ಲಿ ಮೇಲೆ ಹೋಗುತ್ತವೆ. ಅವೇ ಕೊಳಕಾದ ಮೇಲೆ ನನ್ನ ಸೊಂಟದ ಮೇಲೆ ಕೂತು ಕೆಳಗೆ ಬರುತ್ತವೆ. ಹಿಂದಿನ ಮೆಟ್ಟಿಲು, ಅರವತ್ತನಾಲ್ಕು. ಮುಚ್ಚಳ ಸಡಿಲವಿದ್ದರೆ ತೊಡೆಯ ಮೇಲೆ ಚೆಲ್ಲುತ್ತದೆ. ಮೊದಲು ತಣ್ಣಗಾಗುತ್ತದೆ, ಆಮೇಲೆ ಉರಿಯುತ್ತದೆ. ಮನೆಗೆ ಹೋಗಿ ಊಟಕ್ಕೆ ಕೂತರೂ ಮೂಗಿನಲ್ಲಿ ಅದೇ ವಾಸನೆ.

ಗ್ಲೌಸು ಸಂಶೋಧಕರಿಗೆ ಮಾತ್ರ. ನಾನು ಸಂಶೋಧನೆ ಮಾಡುವುದಿಲ್ಲವಲ್ಲ, ಬರೀ ಹೊರುತ್ತೇನೆ. ಅವರು ಬಿಸಾಡಿದ ಗ್ಲೌಸನ್ನು ಬುಟ್ಟಿಯಿಂದ ಎತ್ತಿ ತೊಳೆದು ಒಂದರ ಮೇಲೊಂದು ಎರಡು ಹಾಕಿಕೊಳ್ಳುತ್ತೇನೆ. ಒಂದರ ತೂತು ಇನ್ನೊಂದರ ತೂತಿನ ಮೇಲೆ ಬರದ ಹಾಗೆ ನೋಡಿಕೊಳ್ಳಬೇಕು. ಹನ್ನೊಂದು ವರ್ಷದಲ್ಲಿ ನಾನು ಮಾಡಿದ ಸಂಶೋಧನೆ ಇದೊಂದೇ.

ಕಟ್ಟಡದಲ್ಲಿ ಎಲ್ಲರೂ ನನ್ನನ್ನು ಕ್ಯಾನಮ್ಮ ಎನ್ನುತ್ತಾರೆ. ಪ್ರೊಫೆಸರು ಮಾತ್ರ ‘ಏಯ್’ ಎನ್ನುತ್ತಾರೆ. ಅವರ ಕೋಣೆಯ ಹೊರಗೆ ಗಾಜಿನ ಬೀರು ಇದೆ, ಅದನ್ನು ಒರೆಸುವುದೂ ನನ್ನ ಕೆಲಸ. ಯುವ ವಿಜ್ಞಾನಿ ಪ್ರಶಸ್ತಿ, ಉತ್ತಮ ಪ್ರಬಂಧ ಪ್ರಶಸ್ತಿ, ಉತ್ತಮ ಮಾರ್ಗದರ್ಶಕ ಪ್ರಶಸ್ತಿ. ಜೀವಮಾನದ ಸಾಧನೆಗೆ ಎರಡು ಪ್ರಶಸ್ತಿ. ಮನುಷ್ಯನಿಗಿರುವುದು ಒಂದೇ ಜೀವಮಾನ, ಎರಡನೆಯದು ಯಾರದ್ದೋ ಗೊತ್ತಿಲ್ಲ. ಮಧ್ಯದ ಖಾನೆ ಖಾಲಿ ಇತ್ತು. ಹಸಿರು ರಸಾಯನದ ಪದಕ ಬರುತ್ತದೆ, ಅಲ್ಲಿ ಧೂಳು ಕೂರದ ಹಾಗೆ ನೋಡಿಕೋ ಎಂದು ಸ್ಟೋರಪ್ಪ ಹೇಳಿದ್ದ. ಸ್ಟೋರಪ್ಪ ಎಂದರೆ ಸಾಮಾನಿನ ಕೋಣೆ ನೋಡಿಕೊಳ್ಳುವವನು. ಪ್ರೊಫೆಸರು ಸೀನಿದರೆ ಇವನು ಮೂಗು ಒರೆಸಿಕೊಳ್ಳುತ್ತಾನೆ.

ಪದಕ ಬರುವುದು ಯಾವುದಕ್ಕೆ ಎಂದರೆ, ಒಂದು ಔಷಧಿಯನ್ನು ಕಸವೇ ಉಳಿಯದ ಹಾಗೆ ತಯಾರಿಸುವ ದಾರಿ ಕಂಡುಹಿಡಿದದ್ದಕ್ಕೆ. ಪದಕದ ಜೊತೆಗೆ ಅದೇ ಪ್ರಯೋಗಾಲಯದ ಒಬ್ಬ ವಿದ್ಯಾರ್ಥಿಗೆ ಮೂರು ವರ್ಷದ ಸಂಶೋಧನಾ ಸ್ಕಾಲರ್‌ಶಿಪ್. ಪ್ರೊಫೆಸರು ಆರಿಸಿದ್ದು ತರಗತಿಗೇ ಮೊದಲ ಸ್ಥಾನ ಪಡೆದ ಹುಡುಗಿಯನ್ನು. ಆ ಹುಡುಗಿ ನನ್ನ ಮಗಳು.

ಇದು ಪ್ರೊಫೆಸರಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಅವಳು ಈ ಕಟ್ಟಡಕ್ಕೆ ಓದಲು ಬಂದ ಮೊದಲ ದಿನ ನಾನೇ ಹೇಳಿದ್ದೆ, ಒಳಗೆ ನನ್ನನ್ನು ಅಮ್ಮ ಅನ್ನಬೇಡ, ಅಂದರೆ ನಾಳೆಯಿಂದ ನಿನ್ನ ಕೈಗೂ ಬ್ರಶ್ಶು ಕೊಡುತ್ತಾರೆ ಎಂದು. ಅವಳು ‘ಸರಿ’ ಅಂದಳು. ಸ್ವಲ್ಪ ಬೇಗನೆ ಅಂದಳು. ಆ ಬೇಗ ನನಗೆ ಇವತ್ತಿಗೂ ಚುಚ್ಚುತ್ತದೆ. ಐದು ವರ್ಷ ಅವಳೂ ಎಲ್ಲರಂತೆ “ಕ್ಯಾನಮ್ಮಾ, ಇದು ತುಂಬಿದೆ” ಎನ್ನುತ್ತಿದ್ದಳು. ನಾನು “ಆಯ್ತು ಮೇಡಂ” ಎನ್ನುತ್ತಿದ್ದೆ. ಮನೆಗೆ ಬಂದು ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಪದಕದ ಕೊನೆಯ ಸುತ್ತಿಗೆ ಪ್ರೊಫೆಸರ ಹೆಸರು ಬಂದ ಸಂಜೆ ಮಾತ್ರ ಎತ್ತಿದೆವು. ಅವಳು ತರಕಾರಿ ಹೆಚ್ಚುತ್ತಿದ್ದಳು, ನಾನು ಪಾತ್ರೆ ತಿಕ್ಕುತ್ತಿದ್ದೆ.

“ಕಸ ಇಲ್ಲ ಅಂತಾರಲ್ಲ, ಹಾಗಾದ್ರೆ ನಾನು ದಿನಾ ಹೊರೋದೇನೇ?” ಅಂದೆ.

“ಅದು ಹಾಗಲ್ಲಮ್ಮ. ಕ್ರಿಯೆ ನಡೆಯುವಾಗ ಹುಟ್ಟೋದನ್ನ ಮಾತ್ರ ಕಸ ಅಂತ ಹಿಡೀತಾರೆ. ಆಮೇಲೆ ತೊಳೆಯೋಕೆ, ಸೋಸೋಕೆ ಬಳಸಿದ್ದು ಲೆಕ್ಕಕ್ಕೆ ಬರಲ್ಲ.”

“ಯಾರು ಹೇಳಿದ್ದು?”

“ಎಲ್ಲರೂ ಹಾಗೇ ಬರೀತಾರೆ.”

“ಸರಿ ಬಿಡು. ತಿಂದ ಪಾತ್ರೆ ತೊಳೆಯೋದು ಲೆಕ್ಕಕ್ಕಿಲ್ಲ ಅಂದ್ರೆ ನನ್ನ ಅಡುಗೆಮನೆಗೂ ಒಂದು ಪದಕ ಕೊಡ್ಲಿ.”

ಅವಳು ನಗಲಿಲ್ಲ. ಚಾಕು ಕೆಳಗಿಟ್ಟಳು.

“ಅಮ್ಮ, ಪರಿಶೀಲನೆಗೆ ತೀರ್ಪುಗಾರರು ಬರ್ತಾರೆ. ಅವರು ಹೋಗೋವರೆಗೆ ಏನೂ ಮಾತಾಡ್ಬೇಡ. ಈ ಸ್ಕಾಲರ್‌ಶಿಪ್ ಸಿಗ್ಲಿಲ್ಲ ಅಂದ್ರೆ ನಾನು ಓದು ಬಿಡ್ಬೇಕು. ಬೇರೆ ದಾರಿ ಇಲ್ಲ, ನಿಂಗೂ ಗೊತ್ತು.”

ಗೊತ್ತಿತ್ತು. ಅವಳು ಓದು ಬಿಡುವುದು ಎಂದರೆ ನನ್ನ ಹನ್ನೊಂದು ವರ್ಷವನ್ನು ಚರಂಡಿಗೆ ಸುರಿದ ಹಾಗೆ. ಬಾಯಿಗೆ ಬೀಗ ಹಾಕಿಕೊಳ್ಳುತ್ತೇನೆ ಅಂದೆ. ಹಾಕಿಕೊಂಡೆ.

ಕ್ಯಾನುಗಳನ್ನು ಮೊದಲೆಲ್ಲ ತಿಂಗಳಿಗೊಮ್ಮೆ ಲಾರಿ ಬಂದು ಒಯ್ಯುತ್ತಿತ್ತು. ಪದಕಕ್ಕೆ ಅರ್ಜಿ ಹಾಕಿದ ಮೇಲೆ ಲಾರಿ ಕರೆಯುವುದನ್ನು ನಿಲ್ಲಿಸಿದರು. ಲಾರಿ ಬಂದರೆ ತೂಕದ ಚೀಟಿ ಹುಟ್ಟುತ್ತದೆ, ಚೀಟಿ ಹುಟ್ಟಿದರೆ ಕಸವೂ ಹುಟ್ಟಿಬಿಡುತ್ತದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತಂತೆ. ಎರಡು ತಿಂಗಳಲ್ಲಿ ಹಿತ್ತಲಿನ ಶೆಡ್ಡಿನಲ್ಲಿ ನಲವತ್ತಮೂರು ಕ್ಯಾನು ಸೇರಿದವು.

ಪರಿಶೀಲನೆಗೆ ನಾಲ್ಕು ದಿನ ಇದ್ದಾಗ ಸ್ಟೋರಪ್ಪ ಬಂದ.

“ಕ್ಯಾನಮ್ಮ, ಶೆಡ್ ಖಾಲಿಯಾಗ್ಬೇಕು. ಅಲ್ಲಿ ಹೂಕುಂಡ ಇಡ್ತಾರಂತೆ.”

“ಇವನ್ನೆಲ್ಲ ಎಲ್ಲಿಡ್ಲಿ? ನನ್ನ ತಲೆ ಮೇಲಾ?”

“ಕೆಳಗೆ ಹೆಂಗಸರ ಟಾಯ್ಲೆಟ್ ಇದೆಯಲ್ಲ. ಗಟ್ಟಿ ಬಾಗಿಲು, ಬೀಗ ಇದೆ, ಗಾಳಿ ಕಿಂಡಿ ಇದೆ. ಅಲ್ಲಿಗೆ ಯಾರು ಬರ್ತಾರೆ?”

ಯಾರು ಬರುತ್ತಾರೆ ಎಂದು ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಈ ಕಟ್ಟಡ ಕಟ್ಟಿದ ಕಾಲದಲ್ಲಿ ಹೆಂಗಸರು ರಸಾಯನಶಾಸ್ತ್ರ ಓದುತ್ತಿರಲಿಲ್ಲವಂತೆ. ಗಂಡಸರಿಗೆ ಮಹಡಿಗೊಂದು ಟಾಯ್ಲೆಟ್, ಪ್ರೊಫೆಸರಿಗೆ ಅವರ ಕೋಣೆಯೊಳಗೇ ಒಂದು. ಇಪ್ಪತ್ತಾರು ಹುಡುಗಿಯರಿಗೆ, ಗುಡಿಸಿ ತೊಳೆಯುವ ಏಳು ಜನ ನಮಗೆ, ಎಲ್ಲರಿಗೂ ಸೇರಿ ಇದೊಂದೇ.

ನಾನೂ ಮೊದಲನೇ ಮಹಡಿ ಗುಡಿಸುವ ಅಕ್ಕನೂ ನಲವತ್ತಮೂರನ್ನೂ ಎಳೆದು ಒಳಗಿಟ್ಟೆವು. ಎರಡು ಸಾಲು, ಒಂದರ ಮೇಲೊಂದು. ಜಾಗ ಸಾಲದೆ ಕೊನೆಯದನ್ನು ಕಮೋಡಿನ ಮೇಲೆ ಕೂರಿಸಿದೆವು. ಅಕ್ಕನಿಗೆ ಕೆಮ್ಮು ಹತ್ತಿ ಹೊರಗೆ ಹೋಗಿ ವಾಂತಿ ಮಾಡಿಕೊಂಡಳು. ಸ್ಟೋರಪ್ಪ ಬೀಗ ಹಾಕಿ, ‘ದುರಸ್ತಿಯಲ್ಲಿದೆ’ ಎಂದು ಹಾಳೆ ಅಂಟಿಸಿ, ಬೀಗದ ಕೈಯನ್ನು ನನ್ನ ಅಂಗೈಗೆ ಹಾಕಿದ.

“ನಿನ್ನ ಹತ್ರಾನೇ ಇರ್ಲಿ. ಯಾರಾದ್ರೂ ಕೇಳಿದ್ರೆ ನಂಗೇನೂ ಗೊತ್ತಿಲ್ಲ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವನ ಜಾಣತನ ಅದು.

ಆ ನಾಲ್ಕು ದಿನ ಹುಡುಗಿಯರು ಮೈದಾನ ದಾಟಿ ಲೈಬ್ರರಿ ಕಟ್ಟಡಕ್ಕೆ ಹೋಗಿ ಬರುತ್ತಿದ್ದರು. ಹೋಗಲು ಹತ್ತು ನಿಮಿಷ, ಬರಲು ಹತ್ತು ನಿಮಿಷ. ಅಷ್ಟರಲ್ಲಿ ಒಲೆಯ ಮೇಲಿಟ್ಟ ಪ್ರಯೋಗ ಕೆಟ್ಟರೆ ಬೈಗುಳ. ನಮ್ಮಂಥವರಿಗೆ ಅದೂ ಇಲ್ಲ. ಗುರುತಿನ ಚೀಟಿ ಇಲ್ಲದವರನ್ನು ಲೈಬ್ರರಿಯ ಕಾವಲುಗಾರ ಬಿಡುವುದಿಲ್ಲ, ಗುತ್ತಿಗೆಯವರಿಗೆ ಗುರುತಿನ ಚೀಟಿ ಕೊಡುವುದಿಲ್ಲ. ನಾವು ನೀರು ಕುಡಿಯುವುದನ್ನು ಬಿಟ್ಟೆವು. ಬೆಳಿಗ್ಗೆ ಏಳಕ್ಕೆ ಬಂದರೆ ಸಂಜೆ ಐದರವರೆಗೆ ಹಿಡಿದುಕೊಳ್ಳಬೇಕು. ಮೂರನೇ ದಿನ ನನಗೆ ಕಿಬ್ಬೊಟ್ಟೆಯಲ್ಲಿ ಮುಳ್ಳಾಡಿಸಿದ ಹಾಗೆ ನೋವು. ಮನೆಗೆ ಹೋಗಿ ಕೂತರೆ ಉರಿ, ಬರುವುದು ನಾಲ್ಕು ಹನಿ. ಮಗಳಿಗೆ ಹೇಳಲಿಲ್ಲ. ಅವಳೂ ಮಧ್ಯಾಹ್ನದ ಊಟದ ಜೊತೆ ನೀರು ಕುಡಿಯುತ್ತಿಲ್ಲ ಎಂದು ಅವಳ ಬಾಟಲಿ ನೋಡಿದರೆ ಗೊತ್ತಾಗುತ್ತಿತ್ತು. ಅವಳೂ ಹೇಳಲಿಲ್ಲ.

ಪರಿಶೀಲನೆಯ ದಿನ ಬಂತು. ತೀರ್ಪುಗಾರರು ಮೂವರು. ಕಾರಿನಿಂದ ಇಬ್ಬರು ಗಂಡಸರು ಇಳಿದರು. ಮೂರನೆಯವರು ಇಳಿದಾಗ ಸ್ಟೋರಪ್ಪನ ಮುಖ ನೋಡಬೇಕಿತ್ತು. ದಪ್ಪ ಕನ್ನಡಕದ, ಅರವತ್ತು ದಾಟಿದ ಒಬ್ಬ ಮೇಡಂ. ಕಾಗದದಲ್ಲಿ ಮೂವರು ವಿಜ್ಞಾನಿಗಳು ಎಂದು ಬರೆದಿತ್ತು. ವಿಜ್ಞಾನಿ ಹೆಂಗಸಾಗಿರಬಹುದು ಎಂದು ಇವರ್ಯಾರಿಗೂ ಹೊಳೆದಿರಲಿಲ್ಲ. ಕಸ ಬಚ್ಚಿಡಲು ಅಷ್ಟು ತಲೆ ಓಡಿಸಿದವರಿಗೆ ಇಷ್ಟು ಹೊಳೆಯಲಿಲ್ಲ ನೋಡಿ. ನನಗೆ ಒಳಗೊಳಗೇ ನಗು ಬಂತು. ನಕ್ಕರೆ ಕಿಬ್ಬೊಟ್ಟೆ ನೋಯುತ್ತಿತ್ತು, ಅದಕ್ಕೆ ನಗಲಿಲ್ಲ.

ಮೂರು ಗಂಟೆ ಪರದೆಯ ಮೇಲೆ ಚಿತ್ರ ತೋರಿಸಿದರು. ಎರಡು ಸಲ ಕಾಫಿ ಕೊಟ್ಟರು. ಆಮೇಲೆ ಶೆಡ್ಡಿಗೆ ಕರೆದುಕೊಂಡು ಹೋದರು. ಕ್ಯಾನಿದ್ದ ಕಡೆಯೆಲ್ಲ ಹೂಕುಂಡ. “ನಮಗೆ ತ್ಯಾಜ್ಯದ ಶೆಡ್ಡೇ ಬೇಡವಾಯಿತು, ಅದಕ್ಕೆ ತೋಟ ಮಾಡಿಕೊಂಡೆವು” ಎಂದು ಪ್ರೊಫೆಸರು ಹೇಳಿದರು. ಇಬ್ಬರು ಗಂಡಸರು ಹೂವಿನ ಫೋಟೊ ತೆಗೆದುಕೊಂಡರು. ಕನ್ನಡಕದ ಮೇಡಂ ಅಷ್ಟು ಹೊತ್ತಿಗೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು. ಹೆಂಗಸರಿಗೆ ಅದು ಬೇಗ ಅರ್ಥವಾಗುತ್ತದೆ.

ನಾನು ಕೆಳಗಿನ ಹಜಾರದಲ್ಲಿ ನೆಲ ಒರೆಸುತ್ತಿದ್ದೆ. ಮೇಡಂ ನೆಟ್ಟಗೆ ನನ್ನ ಹತ್ತಿರ ಬಂದರು.

“ಏನಮ್ಮಾ, ಹೆಂಗಸರ ಟಾಯ್ಲೆಟ್ ಎಲ್ಲಿ?”

ನಾನು ಬಾಗಿಲು ತೋರಿಸಿದೆ. ಅವರು ಹಾಳೆ ಓದಿದರು.

“ದುರಸ್ತೀನಾ? ಬೇರೆ ಎಲ್ಲಿದೆ?”

“ಇದೊಂದೇ ಮೇಡಂ.”

ಅಷ್ಟರಲ್ಲಿ ಸ್ಟೋರಪ್ಪ ಓಡಿ ಬಂದ. “ಪೈಪ್ ಒಡೆದಿದೆ ಮೇಡಂ, ನೀವು ಸಾರ್ ರೂಮಿಗೆ ಬನ್ನಿ, ಅಲ್ಲಿದೆ” ಅಂದ. ಅವನ ಹಿಂದೆ ಪ್ರೊಫೆಸರು, ಅವರ ಹಿಂದೆ ಮಿಕ್ಕ ಇಬ್ಬರು ತೀರ್ಪುಗಾರರು, ಎಲ್ಲರ ಹಿಂದೆ ನನ್ನ ಮಗಳು. ಮಗಳು ನನ್ನನ್ನು ನೋಡಿದಳು.

“ಹೌದು ಮೇಡಂ, ಪೈಪು” ಅಂದೆ ನಾನು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಮೇಡಂ ಅಲ್ಲಿಂದ ಕಾಲು ಕೀಳಲಿಲ್ಲ.

“ಹಾಗಾದ್ರೆ ನಿಮ್ಮ ಹುಡುಗೀರು ಏನ್ ಮಾಡ್ತಾರೆ ಪ್ರೊಫೆಸರ್?”

“ಲೈಬ್ರರಿ ಕಟ್ಟಡಕ್ಕೆ ಹೋಗ್ತಾರೆ ಮೇಡಂ. ಹತ್ತೇ ನಿಮಿಷ. ಕೂತು ಕೂತು ಸಾಕಾಗಿರತ್ತೆ, ಓಡಾಡಿದ ಹಾಗೂ ಆಗತ್ತೆ.”

“ಇವರು?” ಮೇಡಂ ನನ್ನ ಕಡೆ ಕೈ ತೋರಿಸಿದರು.

ಪ್ರೊಫೆಸರು ಸ್ಟೋರಪ್ಪನ ಕಡೆ ತಿರುಗಿದರು. ಉತ್ತರ ಕೊಟ್ಟದ್ದು ಅವನೇ.

“ಇವ್ರಾ? ಇವ್ರಿಗೇನ್ ಮೇಡಂ, ಎಲ್ಲಾದ್ರೂ ಗೋಡೆ ಸಂದೀಲಿ ಮುಗಿಸ್ಕೊಂಡು ಬರ್ತಾರೆ. ಅಭ್ಯಾಸ ಇರತ್ತೆ.”

ಒಬ್ಬ ತೀರ್ಪುಗಾರ ಮೂಗಿನಲ್ಲಿ ನಕ್ಕ. ಪ್ರೊಫೆಸರೂ ನಕ್ಕರು. ಮಗಳು ನೆಲ ನೋಡಿದಳು.

ನಾಲ್ಕು ದಿನ ಹಿಡಿದುಕೊಂಡಿದ್ದೆ ನಾನು. ಗೋಡೆಯ ಸಂದಿಗೆ ಹೋಗಬಾರದು, ನಾನು ಮನುಷ್ಯಳು ಎಂದೇ ಹಿಡಿದುಕೊಂಡಿದ್ದೆ. ಹೊಟ್ಟೆಯ ಉರಿ ನೆತ್ತಿಗೇರಿತು. ಏನು ಮಾಡುತ್ತಿದ್ದೇನೆ ಎಂದು ಯೋಚಿಸಲಿಲ್ಲ, ಮಗಳನ್ನೂ ನೆನೆಯಲಿಲ್ಲ. ಸುಳ್ಳು ಯಾಕೆ ಹೇಳಲಿ. ಜೇಬಿನಿಂದ ಬೀಗದ ಕೈ ತೆಗೆದೆ.

“ಪೈಪು ಚೆನ್ನಾಗಿದೆ ಮೇಡಂ. ನೀವೇ ನೋಡಿ.”

ಬಾಗಿಲು ತೆಗೆದಾಗ ಬಂದ ಘಾಟಿಗೆ ಎಲ್ಲರೂ ಎರಡು ಹೆಜ್ಜೆ ಹಿಂದಕ್ಕೆ ಹೋದರು. ನಲವತ್ತಮೂರು ಕ್ಯಾನು. ಕೆಲವು ಬಿಸಿಗೆ ಹೊಟ್ಟೆ ಉಬ್ಬಿಸಿಕೊಂಡಿದ್ದವು. ಕಮೋಡಿನ ಮೇಲಿನದು ತೀರ್ಪುಗಾರನ ಹಾಗೆ ಕೂತಿತ್ತು.

“ಏನಿದು?” ಎಂದರು ಪ್ರೊಫೆಸರು. ಹುಟ್ಟಿದಾಗಿನಿಂದ ಕ್ಯಾನನ್ನೇ ಕಂಡಿಲ್ಲ ಎನ್ನುವ ದನಿ. “ಯಾರಿಟ್ಟಿದ್ದು ಇದನ್ನ?”

“ನಂಗೊತ್ತಿಲ್ಲ ಸಾರ್. ಕೀ ಇವಳ ಹತ್ರಾನೇ ಇದೆ, ನೋಡಿ” ಅಂದ ಸ್ಟೋರಪ್ಪ.

ಪ್ರೊಫೆಸರಿಗೆ ಅಷ್ಟು ಸಾಕಾಯಿತು. ತಲೆಯೇನೋ ಚುರುಕು, ಬೀರುವಿನ ತುಂಬ ಪ್ರಶಸ್ತಿ ಸುಮ್ಮನೆ ಬಂದಿಲ್ಲ. ತೀರ್ಪುಗಾರರ ಕಡೆ ತಿರುಗಿ, “ಈ ಗುತ್ತಿಗೆ ಕೆಲಸದವರದ್ದು ಇದೇ ಗೋಳು. ಕ್ಯಾನ್ ಮಾರ್ಕೊಳ್ಳೋ ಆಸೆಗೆ ಯಾವ್ಯಾವುದೋ ಲ್ಯಾಬಿಂದ ತಂದು ಗುಡ್ಡೆ ಹಾಕ್ತಾರೆ. ನಮ್ಮ ಲ್ಯಾಬಿಗೂ ಇದಕ್ಕೂ ಸಂಬಂಧ ಇಲ್ಲ” ಎಂದರು. ಆಮೇಲೆ ನನಗೆ, “ಏಯ್, ಎತ್ತು. ಈಗ್ಲೇ ಎಲ್ಲಾ ಎತ್ತು.”

“ಎತ್ತಲ್ಲ” ಅಂದೆ.

ಹನ್ನೊಂದು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಕೇಳಿದವರಿಗಿಂತ ಹೇಳಿದ ನನಗೇ ಹೆಚ್ಚು ಆಶ್ಚರ್ಯವಾಯಿತು.

“ಏನಂದೆ?”

“ನಿಮ್ಮ ಲ್ಯಾಬಿಂದಲ್ಲ ಅಂದ್ರಲ್ಲ ಸಾರ್. ಯಾರದೋ ಸಾಮಾನು ನಾನ್ಯಾಕೆ ಮುಟ್ಲಿ? ಆಮೇಲೆ ಕಳ್ಳಿ ಅಂತೀರಿ. ಈಗಾಗ್ಲೇ ಅಂದ್ರಿ.”

ಕನ್ನಡಕದ ಮೇಡಂ ನನ್ನನ್ನು ನೋಡಿದರು, ಕ್ಯಾನು ನೋಡಿದರು. “ಇದರ ಮೇಲೆ ಲೇಬಲ್ ಇದೆಯಲ್ಲ. ಯಾರು ಬರೀತಾರೆ?” ಎಂದು ಕೇಳಿದರು.

ಲೇಬಲ್ ಬರೆಯುವುದು ಪ್ರಯೋಗಾಲಯದಲ್ಲಿ ಎಲ್ಲರಿಗಿಂತ ಕಿರಿಯಳ ಕೆಲಸ. ಪ್ರೊಫೆಸರು ನನ್ನ ಮಗಳ ಭುಜದ ಮೇಲೆ ಕೈಯಿಟ್ಟು ಅವಳನ್ನು ಮುಂದಕ್ಕೆ ತಂದರು. ಭಯ ಅವರಿಗೆ ಇರಲಿಲ್ಲ. ಮೂರು ವರ್ಷದ ಓದು ಅವರ ಮುಷ್ಟಿಯಲ್ಲಿತ್ತು.

“ಇವಳೇ ಮೇಡಂ, ಸ್ಕಾಲರ್‌ಶಿಪ್‌ಗೆ ನಾವು ಆರಿಸಿರೋ ಹುಡುಗಿ. ನಮ್ಮ ಲೇಬಲ್ ಎಲ್ಲಾ ಇವಳದ್ದೇ. ಹೇಳಮ್ಮಾ, ಈ ಕ್ಯಾನ್‌ಗಳು ನಮ್ಮವಾ?”

ನನ್ನ ಸಿಟ್ಟೆಲ್ಲ ಆ ಕ್ಷಣ ಇಳಿದುಹೋಯಿತು. ಹೆದರಿಕೆ ಬಂತು. ಅಲ್ಲ ಅನ್ನು ಎಂದು ಅವಳಿಗೆ ಕಣ್ಣಿನಲ್ಲೇ ಹೇಳಿದೆ. ತಲೆಯನ್ನೂ ಆಡಿಸಿದೆ. ಕಳ್ಳಿಯಾದರೆ ನಾನಾಗುತ್ತೇನೆ, ನನಗೇನು, ನೀನು ಓದು. ಅವಳು ಅಲ್ಲ ಅಂದಿದ್ದರೆ ನಾನು ಸತ್ತರೂ ಅವಳನ್ನು ಬೈಯುತ್ತಿರಲಿಲ್ಲ.

ಆಮೇಲೆ ಏನೇನಾಯಿತು ಎಂದು ಇಲ್ಲೇ ಹೇಳಿ ಮುಗಿಸುತ್ತೇನೆ, ಕೇಳುವವರು ಸುಮ್ಮನೆ ಆಸೆ ಇಟ್ಟುಕೊಳ್ಳುವುದು ಬೇಡ. ಪದಕ ಬಂತು. ತಡವಾಗಿ ಬಂತು, ಅಷ್ಟೆ. ತೊಳೆಯಲು ಬಳಸಿದ ದ್ರಾವಕವನ್ನು ಕಸವೆಂದು ಪರಿಗಣಿಸುವುದಿಲ್ಲ ಎಂದು ನಿಯಮಕ್ಕೆ ಒಂದು ಸಾಲು ಸೇರಿಸಿದರು, ಮೂವರಲ್ಲಿ ಇಬ್ಬರು ಸಹಿ ಹಾಕಿದರು, ಮೇಡಂ ಹಾಕಲಿಲ್ಲ. ಸ್ಕಾಲರ್‌ಶಿಪ್ಪನ್ನು ‘ಯೋಗ್ಯ ಅಭ್ಯರ್ಥಿ ದೊರೆಯದ ಕಾರಣ’ ಆ ವರ್ಷ ಯಾರಿಗೂ ಕೊಡಲಿಲ್ಲ. ನನ್ನನ್ನು ಗುತ್ತಿಗೆಯವನು ಮರುದಿನವೇ ಬಿಡಿಸಿದ. ಮಗಳು ಈಗ ನೀರು ಪರೀಕ್ಷೆ ಮಾಡುವ ಒಂದು ಸಣ್ಣ ಅಂಗಡಿಯಲ್ಲಿ ದುಡಿಯುತ್ತಾಳೆ, ಭಾನುವಾರ ಕೂತು ಬೇರೆ ಬೇರೆ ಸ್ಕಾಲರ್‌ಶಿಪ್ಪಿನ ಅರ್ಜಿ ತುಂಬುತ್ತಾಳೆ. ಇನ್ನೂ ಒಂದೂ ಸಿಕ್ಕಿಲ್ಲ. ಆ ಟಾಯ್ಲೆಟ್ಟಿಗೆ ಮಾತ್ರ ಮತ್ತೆ ಬೀಗ ಬಿದ್ದಿಲ್ಲ. ಬೀಗ ತಂದ ಸ್ಟೋರಪ್ಪನನ್ನು ಇಪ್ಪತ್ತಾರು ಹುಡುಗಿಯರೂ ಮೊದಲನೇ ಮಹಡಿಯ ಅಕ್ಕನೂ ಸೇರಿ ಬಾಗಿಲಿಗೆ ಅಡ್ಡ ನಿಂತು ವಾಪಸು ಕಳಿಸಿದರಂತೆ.

ಆದರೆ ಆ ಹೊತ್ತಿಗೆ ಇದೊಂದೂ ಆಗಿರಲಿಲ್ಲ. ಆ ಹೊತ್ತಿಗೆ ನನ್ನ ಮಗಳು ಬಾಗಿಲಲ್ಲಿ ನಿಂತಿದ್ದಳು, ಪ್ರೊಫೆಸರ ಕೈ ಅವಳ ಭುಜದ ಮೇಲಿತ್ತು.

ಅವಳು ಆ ಕೈಯನ್ನು ಮೆಲ್ಲಗೆ ತೆಗೆದಳು. ಕೋಟಿನ ತೋಳನ್ನು ಮೂಗಿಗೆ ಒತ್ತಿಕೊಂಡು ಒಳಗೆ ಹೋದಳು. ಮೊದಲ ಕ್ಯಾನಿನ ಮುಂದೆ ಮಂಡಿಯೂರಿ ಕೂತು ಓದಿದಳು. ತರಗತಿಯಲ್ಲಿ ಓದುವಷ್ಟೇ ಸ್ಪಷ್ಟವಾಗಿ.

“ಮಾರ್ಚ್ ನಾಲ್ಕು. ಲ್ಯಾಬ್ ಮುನ್ನೂರ ಏಳು. ಅಸಿಟೋನ್, ಹೆಕ್ಸೇನ್. ಹದಿನೆಂಟು ಲೀಟರ್. ಯಾವ ಪ್ರಯೋಗದ ತ್ಯಾಜ್ಯ: ತ್ಯಾಜ್ಯರಹಿತ ವಿಧಾನ.”

ಮೂಗಿನಲ್ಲಿ ನಕ್ಕಿದ್ದ ತೀರ್ಪುಗಾರ ಈಗ ನಗಲಿಲ್ಲ.

“ಮಾರ್ಚ್ ಐದು. ಲ್ಯಾಬ್ ಮುನ್ನೂರ ಏಳು. ಟಾಲ್ಯೂಯೀನ್. ಹತ್ತೊಂಬತ್ತು ಲೀಟರ್. ತ್ಯಾಜ್ಯರಹಿತ ವಿಧಾನ.”

“ಸಾಕು, ಹೊರಗೆ ಬಾ” ಎಂದರು ಪ್ರೊಫೆಸರು. ಅವಳು ಬರಲಿಲ್ಲ. ಮೂರನೆಯದು, ನಾಲ್ಕನೆಯದು ಓದಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅದು ಘಾಟಿಗೋ ಬೇರೆಯದಕ್ಕೋ ನನಗೆ ಗೊತ್ತಿಲ್ಲ. ಐದನೆಯದರ ಲೇಬಲ್ ಗೋಡೆಯ ಕಡೆಗಿತ್ತು.

“ಅಮ್ಮಾ, ಇದನ್ನ ಸ್ವಲ್ಪ ಈ ಕಡೆ ತಿರುಗ್ಸು. ಕಾಣ್ತಿಲ್ಲ.”

“ಯಾರು ಅಮ್ಮ?” ಪ್ರೊಫೆಸರ ದನಿ ಒಡೆಯಿತು.

“ಇವ್ರು ಸಾರ್. ನಮ್ಮಮ್ಮ.”

ಎತ್ತುವುದಿಲ್ಲ ಎಂದಿದ್ದ ನಾನು ಒಳಗೆ ಹೋಗಿ ಕ್ಯಾನು ತಿರುಗಿಸಿದೆ. ನನಗೂ ಕಣ್ಣು ತುಂಬಿತ್ತು, ನನ್ನದು ಘಾಟಿಗಲ್ಲ. ಅವಳು ಓದುತ್ತಾ ಹೋದಳು, ನಾನು ತಿರುಗಿಸುತ್ತಾ ಹೋದೆ. ಹನ್ನೆರಡು ಮುಗಿದಾಗ ಕನ್ನಡಕದ ಮೇಡಂ ಹೊಸ್ತಿಲಿಗೆ ಬಂದು ನಿಂತರು.

“ಮಗು, ನಿನ್ನ ಸ್ಕಾಲರ್‌ಶಿಪ್ಪೂ ಇದೇ ಪ್ರಶಸ್ತಿ ಜೊತೇಲಿರೋದು. ಗೊತ್ತಲ್ವಾ?”

“ಗೊತ್ತು ಮೇಡಂ” ಅಂದಳು ಮಗಳು. “ಇನ್ನೂ ಮೂವತ್ತೊಂದಿದೆ. ಓದ್ತೀನಿ.”